ಸಂಜೆಯ ಇಳಿತದಲ್ಲಿ ಉಬ್ಬರದ ದ್ವೀಪಕ್ಕೆ: ಹೋಗುವ, ನೋಡುವ, ಹೊತ್ತಿಗೆ ಸರಿಯಾಗಿ ಮರಳುವ ಸಮಗ್ರ ಮಾರ್ಗದರ್ಶಿ

ಸಮುದ್ರ ಇಳಿದಾಗ ನಡೆದು ಹೋಗಬಹುದಾದ, ಉಬ್ಬರ ಬಂದಾಗ ಸುತ್ತಲೂ ನೀರು ತುಂಬಿಕೊಳ್ಳುವ ದ್ವೀಪಗಳು ಎಷ್ಟೋ ಕರಾವಳಿಗಳಲ್ಲಿವೆ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮತ್ತು ಹಿಲ್‌ಬ್ರೆ, ಸ್ಕಾಟ್ಲೆಂಡಿನ ಕ್ರಾಮಂಡ್, ಅಮೆರಿಕದ ಮೇನ್ ರಾಜ್ಯದ ಬಾರ್ ಐಲ್ಯಾಂಡ್, ಕೆನಡಾದ ಮಿನಿಸ್ಟರ್ಸ್ ಐಲ್ಯಾಂಡ್ ಇವುಗಳಲ್ಲಿ ಹೆಸರಾದವು. ಮುಂಬೈಯ ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿಯೂ ದೊಡ್ಡ ಉಬ್ಬರದಲ್ಲಿ ಮುಳುಗುತ್ತದೆ. ಜನ ದ್ವೀಪ ನೋಡಲೆಂದು ಹೋಗುತ್ತಾರೆ. ಆದರೆ ಜೀವಿಗಳನ್ನು ನೋಡುವ ಆಸೆ ಇದ್ದವರಿಗೆ ದ್ವೀಪಕ್ಕಿಂತ ಮುಖ್ಯವಾದದ್ದು ದಡಕ್ಕೂ ದ್ವೀಪಕ್ಕೂ ನಡುವೆ ಸಮುದ್ರ ಕೆಲವೇ ಗಂಟೆ ಬಿಟ್ಟುಕೊಡುವ ಆ ನೆಲ.

ಸಂಜೆ ಅಲ್ಲಿಗೆ ಹೋಗಲು ಒಳ್ಳೆಯ ಹೊತ್ತು. ಬಿಸಿಲು ಇಳಿದಿರುತ್ತದೆ. ಓರೆ ಬೆಳಕಿನಲ್ಲಿ ಮರಳಿನ ಮೇಲಿನ ಸಣ್ಣ ಹೆಜ್ಜೆಗುರುತೂ ಎದ್ದು ಕಾಣುತ್ತದೆ. ಹಗಲೆಲ್ಲ ಬಿಲದಲ್ಲಿದ್ದ ಏಡಿಗಳು ಹೊರಬರುತ್ತವೆ. ಆದರೆ ಸಂಜೆಗೆ ಎರಡು ಗಡುವು ಇರುತ್ತವೆ. ಬೆಳಕು ಮುಗಿಯುತ್ತಾ ಬರುತ್ತದೆ, ಅದೇ ಹೊತ್ತಿಗೆ ನೀರೂ ಏರಲು ಶುರುವಾಗಬಹುದು. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊರಡಬಾರದು.

ನಾನು ಹೇಳುವ ಕ್ರಮ ಇಷ್ಟೇ: ನೀರು ಇನ್ನೂ ಇಳಿಯುತ್ತಿರುವಾಗ ಹೋಗಿ, ಬೆಳಕಿರುವಾಗಲೇ ವಾಪಸ್ ಬನ್ನಿ, ಆಮೇಲೆ ಮನೆಗೆ ಹೊರಡದೆ ದಡದಲ್ಲೇ ಕೂತು ಉಬ್ಬರ ಏರುವುದನ್ನು ನೋಡಿ. ಹಕ್ಕಿಗಳ ಮಟ್ಟಿಗೆ ಇಡೀ ಸಂಜೆಯಲ್ಲಿ ಅತಿ ಚೆನ್ನಾದ ಹೊತ್ತು ಆ ಕೊನೆಯದೇ. ಹೆಚ್ಚಿನವರು ಅಷ್ಟೊತ್ತಿಗೆ ಹೊರಟುಹೋಗಿರುತ್ತಾರೆ, ಇಲ್ಲವೇ ದ್ವೀಪದಲ್ಲೇ ಉಳಿದು ಅಪಾಯಕ್ಕೆ ಸಿಕ್ಕಿರುತ್ತಾರೆ.

ಹಂತ 1: ಸರಿಯಾದ ದಿನ ಹುಡುಕುವುದು

ಎಲ್ಲ ಸಂಜೆಯೂ ಇದಕ್ಕೆ ಒದಗುವುದಿಲ್ಲ. ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 24 ಗಂಟೆ 50 ನಿಮಿಷದಲ್ಲಿ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಪೂರ್ತಿ ಉಬ್ಬರದಿಂದ ಪೂರ್ತಿ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಇಂದು ಸಂಜೆ 4ಕ್ಕೆ ಇಳಿತವಿದ್ದರೆ ನಾಳೆ ಹೆಚ್ಚುಕಡಿಮೆ 4:50ಕ್ಕೆ, ನಾಡಿದ್ದು 5:40ಕ್ಕೆ. ಹೀಗೆ ಜಾರುತ್ತಾ ಹೋಗುವುದರಿಂದ ಹದಿನೈದು ದಿನದಲ್ಲಿ ಸಂಜೆಗೆ ಸರಿಹೊಂದುವ ದಿನಗಳು ನಾಲ್ಕೈದು ಮಾತ್ರ. ಒಂದು ಒಳ್ಳೆಯ ದಿನ ಸಿಕ್ಕಿತು ಅಂದರೆ ಅಂಥದ್ದೇ ಇನ್ನೊಂದು ಎರಡು ವಾರದ ಮೇಲೆ ಬರುತ್ತದೆ. ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ ಇರುವ ಕರಾವಳಿಗಳೂ ಇವೆ. ಆದ್ದರಿಂದ ಹೊಸ ಜಾಗಕ್ಕೆ ಹೋಗುವಾಗ ನಿಮಗೆ ಗೊತ್ತಿರುವ ಸಮುದ್ರದ ಲೆಕ್ಕವನ್ನು ಅಲ್ಲಿಗೆ ಹಚ್ಚಬೇಡಿ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು, ಹೆಚ್ಚಾಗಿ ಒಂದೆರಡು ದಿನ ಕಳೆದು, ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿಯ ಸುಮಾರಿಗೆ ಎರಡೂ ಕಡಿಮೆ. ದೊಡ್ಡ ಇಳಿತದ ದಿನ ಸಾಮಾನ್ಯವಾಗಿ ನೀರಿನಡಿಯಲ್ಲೇ ಇರುವ ಬಂಡೆ, ಹೊಂಡಗಳೂ ಹೊರಗೆ ಕಾಣುತ್ತವೆ. ಆದರೆ ಆ ದಿನ ನೀರು ವಾಪಸ್ ಬರುವ ವೇಗವೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಕೆಲವು ದ್ವೀಪಗಳ ದಾರಿ ತೆರೆದುಕೊಳ್ಳದೆಯೂ ಇರಬಹುದು.

ಒಂದೇ ಜಾಗದಲ್ಲಿ ದೊಡ್ಡ ಇಳಿತ ಯಾವಾಗಲೂ ಹೆಚ್ಚುಕಡಿಮೆ ಒಂದೇ ಗಡಿಯಾರದ ಹೊತ್ತಿಗೆ ಬರುತ್ತದೆ. ಇದನ್ನು ತಿಳಿದುಕೊಂಡರೆ ದಿನ ಆರಿಸುವುದು ಬಹಳ ಸುಲಭ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ನಡುಮಧ್ಯಾಹ್ನ ಮತ್ತು ನಡುರಾತ್ರಿಯ ಸುಮಾರಿಗೆ ಬರುತ್ತದೆ. ಹಾಗಾಗಿ ಅಲ್ಲಿನ ದೊಡ್ಡ ಇಳಿತ ಬೆಳಿಗ್ಗೆ ಮತ್ತು ಸಂಜೆ ಆರರ ಆಸುಪಾಸು. ಇಂಗ್ಲೆಂಡಿನ ಲಿವರ್‌ಪೂಲ್ ಕಡೆಯ ಕರಾವಳಿಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಅದಕ್ಕೇ ಹತ್ತಿರದ ಹಿಲ್‌ಬ್ರೆಗೆ ಸಂಜೆಯ ನಡಿಗೆ ಒಗ್ಗುತ್ತದೆ. ಫ್ರಾನ್ಸಿನ ಮೋಂ ಸ್ಯಾಂ ಮಿಶೆಲ್ ಎಂಬ ದ್ವೀಪದಲ್ಲಿ ಇದು ತಿರುಗುಮುರುಗು. ಅಲ್ಲಿ ದೊಡ್ಡ ಉಬ್ಬರವೇ ಬೆಳಿಗ್ಗೆ, ಸಂಜೆಯ ಹೊತ್ತಿಗೆ ಬರುತ್ತದೆ. ಅಲ್ಲಿನ ಸಂಜೆ ಕೋಟೆಗೋಡೆಯ ಮೇಲೆ ನಿಂತು ನೀರು ನುಗ್ಗುವುದನ್ನು ನೋಡಲು ಚೆನ್ನ, ಕೊಲ್ಲಿಯ ಮರಳಲ್ಲಿ ನಡೆಯಲು ಅಲ್ಲ. ನೀವು ಹೋಗುವ ದ್ವೀಪ ಇವೆರಡರಲ್ಲಿ ಯಾವ ಥರದ್ದು ಅಂತ ಒಂದು ತಿಂಗಳ ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹಂತ 2: ಟೈಡ್ ಟೇಬಲ್ ಓದುವುದು

ಟೇಬಲಿನಲ್ಲಿ ಪ್ರತಿದಿನದ ಉಬ್ಬರ, ಇಳಿತದ ಸಮಯ ಮತ್ತು ನೀರಿನ ಎತ್ತರ ಮೀಟರಿನಲ್ಲಿ ಇರುತ್ತದೆ. ಮೊದಲು ಮೂರು ವಿಷಯ ಗಮನಿಸಿ. ಟೇಬಲ್ ಯಾವ ಬಂದರಿನದು? ನಿಮ್ಮ ದ್ವೀಪ ದೂರದಲ್ಲಿದ್ದರೆ ಸಮಯ ಎಷ್ಟೋ ನಿಮಿಷ ಆಚೀಚೆ ಆಗುತ್ತದೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಇಡುವ ದೇಶವಾದರೆ, ಆ ಗಂಟೆಯನ್ನು ಟೇಬಲಿನಲ್ಲಿ ಸೇರಿಸಿದ್ದಾರೋ ಇಲ್ಲವೋ? ಮೂರನೆಯದು, ಇವತ್ತಿನ ಇಳಿತದ ಎತ್ತರ ಎಷ್ಟು? ದಾರಿ ತೆರೆದುಕೊಳ್ಳಲು ಬೇಕಾದಷ್ಟು ಕೆಳಗೆ ನೀರು ಹೋಗುತ್ತದೆಯೇ?

ಆ ಜಾಗದ ಸ್ಥಳೀಯ ಆಡಳಿತ ದಾಟುವ ಸಮಯವನ್ನು ಬೇರೆಯಾಗಿ ಪ್ರಕಟಿಸಿದ್ದರೆ ನಿಮ್ಮ ಲೆಕ್ಕ ಪಕ್ಕಕ್ಕಿಟ್ಟು ಅದನ್ನೇ ನಂಬಿ. ಲಿಂಡಿಸ್‌ಫಾರ್ನ್‌ಗೆ ಅಂಥ ಪಟ್ಟಿ ಇದೆ. ಬಾರ್ ಐಲ್ಯಾಂಡಿನ ದಾರಿ ಪೂರ್ತಿ ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಒಂದೂವರೆ ಗಂಟೆ ನಂತರದವರೆಗೆ ತೆರೆದಿರುತ್ತದೆ. ಹಿಲ್‌ಬ್ರೆಗೆ ಹೋಗುವವರು ಪೂರ್ತಿ ಉಬ್ಬರ ಕಳೆದು ಕನಿಷ್ಠ ಮೂರು ಗಂಟೆಯ ಮೇಲೆ ಹೊರಡಬೇಕು, ಮುಂದಿನ ಉಬ್ಬರಕ್ಕೆ ಮೂರು ಗಂಟೆಗೂ ಮೊದಲೇ ವಾಪಸ್ ಹೊರಟಿರಬೇಕು. ಒಂದು ದ್ವೀಪದ ನಿಯಮ ಇನ್ನೊಂದಕ್ಕೆ ನಡೆಯುವುದಿಲ್ಲ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದು ನೆನಪಿರಲಿ. ನಾವಿಕರು ಇದಕ್ಕೆ ಹನ್ನೆರಡು ಪಾಲಿನ ಲೆಕ್ಕ ಬಳಸುತ್ತಾರೆ. ಇಳಿತಕ್ಕೂ ಉಬ್ಬರಕ್ಕೂ ಇರುವ ವ್ಯತ್ಯಾಸವನ್ನು 12 ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ 1 ಪಾಲು ಏರುತ್ತದೆ, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಐದನೆಯದರಲ್ಲಿ 2, ಆರನೆಯದರಲ್ಲಿ 1. ವ್ಯತ್ಯಾಸ 6 ಮೀಟರ್ ಅಂದುಕೊಳ್ಳಿ. ಮೊದಲ ಗಂಟೆ ಬರೀ ಅರ್ಧ ಮೀಟರ್. ಎರಡನೇ ಗಂಟೆ ಒಂದು ಮೀಟರ್. ಮೂರನೇ ಗಂಟೆಯೊಂದರಲ್ಲೇ ಒಂದೂವರೆ ಮೀಟರ್! ಮೊದಲ ಗಂಟೆ ನೋಡಿ "ಇನ್ನೂ ಟೈಮಿದೆ" ಅಂದುಕೊಂಡವರು ಮೋಸ ಹೋಗುವುದು ಇಲ್ಲೇ. ಇದು ಅಂದಾಜು ಲೆಕ್ಕ ಅಷ್ಟೇ. ಅಳಿವೆಗಳಲ್ಲಿ, ಕಿರಿದಾದ ಕೊಲ್ಲಿಗಳಲ್ಲಿ ಉಬ್ಬರ ಇದಕ್ಕಿಂತ ಬೇಗ ಏರಬಹುದು.

ಟೇಬಲ್ ಹವಾಮಾನವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಗಾಳಿಯ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಜೊತೆಗೆ ಸಮುದ್ರದ ಕಡೆಯಿಂದ ಜೋರು ಗಾಳಿ ಬೀಸುತ್ತಿದ್ದರೆ ನೀರು ಹೇಳಿದ ಹೊತ್ತಿಗಿಂತ ಮೊದಲೇ ಬರುತ್ತದೆ, ಹೇಳಿದ ಎತ್ತರಕ್ಕಿಂತ ಮೇಲೆ ಬರುತ್ತದೆ. ಅಂಥ ದಿನ, ಮಂಜು ಕವಿಯುವ ದಿನ, ಗುಡುಗು ಮಿಂಚಿನ ದಿನ ಹೋಗಲೇಬೇಡಿ.

ಹಂತ 3: ಹಿಂತಿರುಗುವ ಹೊತ್ತನ್ನು ಮೊದಲೇ ಬರೆದಿಡುವುದು

ಒಂದು ಉದಾಹರಣೆ ಮಾಡಿ ನೋಡೋಣ. ಪೂರ್ತಿ ಇಳಿತ ಸಂಜೆ 5:10ಕ್ಕೆ. ಸೂರ್ಯಾಸ್ತ 6:40ಕ್ಕೆ. ದಾರಿ ಇಳಿತದ ಎರಡೂ ಬದಿಗೆ ಎರಡೆರಡು ಗಂಟೆ ತೆರೆದಿರುತ್ತದೆ, ಅಂದರೆ 3:10ರಿಂದ 7:10ರವರೆಗೆ. ನಡಿಗೆ ಅರ್ಧ ಗಂಟೆಯದು. ಹೊಸಬರು ಸಾಮಾನ್ಯವಾಗಿ 5 ಗಂಟೆಗೆ ಹೊರಟು, ಸೂರ್ಯಾಸ್ತ ನೋಡಿ, 6:40ಕ್ಕೆ ವಾಪಸ್ ಹೆಜ್ಜೆ ಹಾಕುವ ಲೆಕ್ಕ ಹಾಕುತ್ತಾರೆ. ಕಾಗದದ ಮೇಲೆ ಅದೂ ಸರಿಯೇ. ಆದರೆ ಒಬ್ಬರ ಕಾಲು ಉಳುಕಿದರೆ ಸಾಕು, ಕತ್ತಲಲ್ಲಿ ಏರುವ ನೀರಿನ ನಡುವೆ ನಿಂತಿರುತ್ತೀರಿ.

ನಾನು ಹೇಳುವುದು ಹೀಗೆ. 3:40ಕ್ಕೆ ಹೊರಡಿ. 4:10ಕ್ಕೆ ದ್ವೀಪದಲ್ಲಿರುತ್ತೀರಿ. ಒಂದೂವರೆ ಗಂಟೆ ನೋಡಿ. 5:40ಕ್ಕೆ, ಏನೇ ಕಾಣುತ್ತಿರಲಿ, ತಿರುಗಿ. 6:10ಕ್ಕೆ ದಡ ಸೇರುತ್ತೀರಿ. ಇನ್ನೂ ಒಂದು ಗಂಟೆಯ ಆಸರೆ ಉಳಿದಿರುತ್ತದೆ. ಸೂರ್ಯಾಸ್ತ ದಡದಿಂದ ನೋಡಿ.

ಮುಸ್ಸಂಜೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಸಮಭಾಜಕಕ್ಕೆ ಹತ್ತಿರದ ನಾಡುಗಳಲ್ಲಿ ಸೂರ್ಯ ಮುಳುಗಿ 20-25 ನಿಮಿಷಕ್ಕೆ ದಾರಿ ಕಾಣುವ ಬೆಳಕು ಮುಗಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ಅದು ಮುಕ್ಕಾಲು ಗಂಟೆಗೂ ಜಾಸ್ತಿ ಎಳೆಯುತ್ತದೆ.

ತಿರುಗುವ ಸಮಯವನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ. ಫೋನಿನಲ್ಲಿ ಅಲಾರಂ ಇಡಿ. ದಡದಲ್ಲಿರುವ ಯಾರಿಗಾದರೂ ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಹೇಳಿ, ಬಂದ ಮೇಲೆ ತಪ್ಪದೆ ತಿಳಿಸಿ. ಕರಾವಳಿ ರಕ್ಷಣಾ ಪಡೆಯ ನಂಬರ್ ಸೇವ್ ಮಾಡಿಕೊಳ್ಳಿ. ಭಾರತದಲ್ಲಿ ಅದು 1554. ಬ್ರಿಟನ್ನಿನಲ್ಲಿ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಬೇಕು.

ಹಂತ 4: ಜೊತೆಗೆ ಒಯ್ಯುವುದು

ಒದ್ದೆಯಾದರೂ ಪರವಾಗಿಲ್ಲ ಅನ್ನುವ, ಹಿಡಿತ ಇರುವ ಶೂ. ಬರಿಗಾಲು ಬೇಡ, ಚಪ್ಪಲಿಯೂ ಬೇಡ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಗಾಳಿ ತಡೆಯುವ ಒಂದು ಜಾಕೆಟ್, ಕುಡಿಯುವ ನೀರು, ಒಂದು ಸೀಟಿ, ನೀರು ಸೇರದ ಚೀಲದಲ್ಲಿ ಪೂರ್ತಿ ಚಾರ್ಜ್ ಇರುವ ಫೋನ್. ತಲೆಗೆ ಕಟ್ಟುವ ಟಾರ್ಚ್, ಅದರಲ್ಲಿ ಕೆಂಪು ಬೆಳಕಿನ ಆಯ್ಕೆ ಇದ್ದರೆ ಒಳ್ಳೆಯದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಒಂದು ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಬೈನಾಕ್ಯುಲರ್ 8x42ರದ್ದು (ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು) ಸಂಜೆಗೆ ಚೆನ್ನಾಗಿ ಒದಗುತ್ತದೆ. 42 ಮಿಲಿಮೀಟರಿನ ಮುಂದಿನ ಗಾಜು ಮಬ್ಬಿನಲ್ಲೂ ಸಾಕಷ್ಟು ಬೆಳಕು ಹಿಡಿಯುತ್ತದೆ. ಡ್ರೋನ್ ಮನೆಯಲ್ಲೇ ಇರಲಿ. ಹಕ್ಕಿಗಳಿಗೆ ಅದು ಬೇಟೆಗಾರ ಹದ್ದಿನಂತೆಯೇ ಕಾಣುತ್ತದೆ. ನಾಯಿಯನ್ನೂ ಕರೆದೊಯ್ಯಬೇಡಿ.

ಹಂತ 5: ದಾಟುವುದು

ನೇರ ದಾರಿಯೇ ಸರಿಯಾದ ದಾರಿ ಆಗಿರಬೇಕೆಂದಿಲ್ಲ. ಹಿಲ್‌ಬ್ರೆಗೆ ವೆಸ್ಟ್ ಕರ್ಬಿಯಿಂದ ಹೋಗುವವರು ಮೊದಲು ಲಿಟಲ್ ಐ ಎಂಬ ಸಣ್ಣ ನಡುಗಡ್ಡೆಗೆ, ಅಲ್ಲಿಂದ ಮಿಡಲ್ ಐಗೆ, ಆಮೇಲೆ ಹಿಲ್‌ಬ್ರೆಗೆ ಹೋಗುತ್ತಾರೆ. ಸುತ್ತಾದರೂ ಗಟ್ಟಿ ಮರಳಿನ ದಾರಿ ಅದು. ಫ್ರಾನ್ಸಿನ ನ್ವಾರ್‌ಮುಟಿಯೆ ದ್ವೀಪಕ್ಕೆ ಹೋಗುವ ಗ್ವಾ ಎಂಬ ದಾರಿ 4 ಕಿಲೋಮೀಟರಿಗೂ ಸ್ವಲ್ಪ ಉದ್ದ. ಅದರುದ್ದಕ್ಕೂ ನೀರಿಗೆ ಸಿಕ್ಕವರು ಹತ್ತಿ ಕೂರಲೆಂದೇ ಎತ್ತರದ ಕಂಬಗಳನ್ನು ನೆಟ್ಟಿದ್ದಾರೆ. ಲಿಂಡಿಸ್‌ಫಾರ್ನ್ ದಾರಿಯಲ್ಲೂ ಕಂಬಗಳ ಮೇಲೆ ಒಂದು ಪುಟ್ಟ ಗೂಡು ಇದೆ. ಇಂಥವನ್ನು ನೋಡಿದಾಗಲೇ ಇಲ್ಲಿ ನೀರು ಎಷ್ಟು ಎತ್ತರ ಬರುತ್ತದೆ ಅನ್ನುವುದು ಮನಸ್ಸಿಗೆ ತಟ್ಟುತ್ತದೆ.

ಮರಳಿನ ಬಯಲು ಸಪಾಟಾಗಿ ಕಂಡರೂ ಸಪಾಟಲ್ಲ. ನಡುವೆ ತಗ್ಗು ಕಾಲುವೆಗಳಿರುತ್ತವೆ. ಉಬ್ಬರ ಬರುವಾಗ ನೀರು ಮೊದಲು ತುಂಬುವುದು ಅವುಗಳನ್ನೇ. ನೀವು ಸಮುದ್ರದ ಕಡೆ ಮುಖ ಮಾಡಿ ನಿಂತಿರುತ್ತೀರಿ, ಎದುರಿಗೆ ಇನ್ನೂ ಒಣ ಮರಳು. ಅಷ್ಟರಲ್ಲಿ ಬೆನ್ನ ಹಿಂದಿನ ಕಾಲುವೆಯಲ್ಲಿ ಸೊಂಟದ ಮಟ್ಟ ನೀರು ಬಂದಿರುತ್ತದೆ. ಹೋಗುವಾಗ ಯಾವ ತಗ್ಗು ದಾಟಿದಿರಿ, ಅದರ ಗುರುತೇನು ಅಂತ ನೋಡಿಟ್ಟುಕೊಳ್ಳಿ. ಹಾಗೇ ಒಂದೆರಡು ಸಲ ಹಿಂದೆ ತಿರುಗಿ ನೋಡಿ. ವಾಪಸ್ ಬರುವಾಗ ದಡ ಆ ರೂಪದಲ್ಲೇ ಕಾಣಬೇಕು.

2004ರ ಫೆಬ್ರುವರಿ 5ರ ಸಂಜೆ ಇಂಗ್ಲೆಂಡಿನ ಮೋರ್‌ಕಾಮ್ ಕೊಲ್ಲಿಯ ಬಯಲಲ್ಲಿ ಚಿಪ್ಪು ಆರಿಸುತ್ತಿದ್ದ ಕನಿಷ್ಠ 21 ಕೂಲಿಯವರು ಉಬ್ಬರಕ್ಕೆ ಸಿಕ್ಕಿ ಸತ್ತರು. ಕತ್ತಲು, ಚಳಿ, ಗೊತ್ತಿಲ್ಲದ ನೆಲ, ಸುತ್ತಿ ಬರುವ ನೀರು ಎಲ್ಲ ಒಟ್ಟಿಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಏರಿಳಿತದ ಗೆರೆಗಳಿರುವ ಮರಳು ಸಾಮಾನ್ಯವಾಗಿ ಗಟ್ಟಿ. ನುಣ್ಣಗೆ ಹೊಳೆಯುವ ಕೆಸರು ಮೆತ್ತಗೆ. ಕಾಲು ಹೂತರೆ ಗಾಬರಿಯಲ್ಲಿ ಎಳೆಯಬೇಡಿ. ಹಿಂದಕ್ಕೆ ಒರಗಿ ಕೂತು, ಮೈಭಾರ ಹರಡಿ, ಕಾಲನ್ನು ನಿಧಾನಕ್ಕೆ ಅಲುಗಾಡಿಸುತ್ತಾ ಬಿಡಿಸಿಕೊಳ್ಳಿ, ಬಂದ ದಾರಿಯಲ್ಲೇ ತೆವಳಿ ಹಿಂದೆ ಸರಿಯಿರಿ. ಬೆಚ್ಚನೆ ಸಮುದ್ರಗಳ ಆಳವಿಲ್ಲದ ನೀರಿನಲ್ಲಿ ಹೆಜ್ಜೆ ಎತ್ತಿಡುವ ಬದಲು ಪಾದ ಎಳೆಯುತ್ತಾ ನಡೆಯಿರಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಆ ಅಲುಗಾಟಕ್ಕೇ ಸರಿದು ಹೋಗುತ್ತದೆ. ಮೇಲೆ ಕಾಲಿಟ್ಟರೆ ಮಾತ್ರ ಬಾಲದ ಮುಳ್ಳಿನಿಂದ ಚುಚ್ಚುತ್ತದೆ.

ಹಂತ 6: ಬಂಡೆ ಮತ್ತು ಹೊಂಡಗಳನ್ನು ನೋಡುವುದು

ದ್ವೀಪ ಸೇರಿದ ಮೇಲೆ ಮೊದಲು ಸಮುದ್ರದ ಬದಿಯ ಬಂಡೆಗಳ ಹತ್ತಿರ ಹೋಗಿ. ಅಲ್ಲಿ ಜೀವಿಗಳು ಪಟ್ಟೆ ಪಟ್ಟೆಯಾಗಿ ಹಂಚಿಕೊಂಡಿರುತ್ತವೆ. ಮೇಲಿನ ಒಣ ಪಟ್ಟೆಯಲ್ಲಿ ಪುಟ್ಟ ಬಸವನಹುಳುಗಳು. ಅದರ ಕೆಳಗೆ ಬಂಡೆಗೆ ಸುಣ್ಣದ ಚುಕ್ಕೆಯಂತೆ ಅಂಟಿದ ಬಾರ್ನಕಲ್‌ಗಳು. ಇನ್ನೂ ಕೆಳಗೆ ಪಚ್ಚಿಲೆಯಂಥ ಚಿಪ್ಪುಗಳು. ತೀರಾ ಕೆಳಗೆ ಕಡಲಪಾಚಿ, ನಕ್ಷತ್ರಮೀನು, ಕಡಲಹೂವು (ಹೂವಿನಂತೆ ಕಾಣುವ ಪ್ರಾಣಿ, ಸೀ ಅನಿಮೋನ್). ಮೇಲಿನ ಗೆರೆಯನ್ನು ಹೆಚ್ಚಾಗಿ ಒಣಗುವ ಭಯ ಎಳೆಯುತ್ತದೆ, ಕೆಳಗಿನ ಗೆರೆಯನ್ನು ತಿನ್ನುವವರ ಭಯ ಎಳೆಯುತ್ತದೆ.

ಈ ಎರಡನೆಯ ಮಾತನ್ನು ಪ್ರಯೋಗದಿಂದ ತೋರಿಸಿದವರು ಜೀವವಿಜ್ಞಾನಿ ರಾಬರ್ಟ್ ಪೇನ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯ ಒಂದು ಬಂಡೆಯ ಪಟ್ಟಿಯಿಂದ 1963ರಲ್ಲಿ ಅವರು ನಕ್ಷತ್ರಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆಯಲು ಶುರುಮಾಡಿದರು. ಪಕ್ಕದ ಪಟ್ಟಿಯನ್ನು ಹಾಗೇ ಬಿಟ್ಟರು. ನಕ್ಷತ್ರಮೀನು ಇಲ್ಲದ ಕಡೆ ಚಿಪ್ಪುಗಳು ಜಾಗವನ್ನೆಲ್ಲ ಆಕ್ರಮಿಸಿಕೊಂಡವು. 15 ಬಗೆಯ ಜೀವಿಗಳಿದ್ದಲ್ಲಿ 8 ಉಳಿದವು. ಒಂದು ನಕ್ಷತ್ರಮೀನನ್ನು "ನೆನಪಿಗೆ" ಅಂತ ಜೇಬಿಗೆ ಹಾಕಿಕೊಳ್ಳುವವರಿಗೆ ಈ ಕತೆ ಹೇಳಬೇಕು ಅನ್ನಿಸುತ್ತದೆ.

ಲಿಂಪೆಟ್ ಎಂಬ ಟೋಪಿಯಾಕಾರದ ಚಿಪ್ಪನ್ನು ಗಮನವಿಟ್ಟು ನೋಡಿ. ನೀರು ಮುಚ್ಚಿದಾಗ ಅದು ಬಂಡೆ ಮೇಲೆ ತೆವಳಿ ಪಾಚಿ ಕೆರೆದು ತಿನ್ನುತ್ತದೆ, ಆಮೇಲೆ ತನ್ನದೇ ಜಾಗಕ್ಕೆ ವಾಪಸ್ ಬಂದು ಕೂರುತ್ತದೆ. ಅದರ ಚಿಪ್ಪಿನ ಅಂಚು ಆ ಜಾಗಕ್ಕೆ ಸರಿಯಾಗಿ ಹೊಂದುವಂತೆ ಬೆಳೆದಿರುತ್ತದೆ. ಅದರ ಹಲ್ಲು ಜೀವಲೋಕದಲ್ಲಿ ಗೊತ್ತಿರುವ ವಸ್ತುಗಳಲ್ಲೆಲ್ಲ ಅತಿ ಬಲವಾದದ್ದು ಎಂದು 2015ರಲ್ಲಿ ಬ್ರಿಟನ್ನಿನ ಸಂಶೋಧಕರು ವರದಿ ಮಾಡಿದರು. ಕಿತ್ತು ನೋಡಲು ಹೋಗಬೇಡಿ. ಕಿತ್ತ ಲಿಂಪೆಟ್ ಅದೇ ಜಾಗಕ್ಕೆ ಮರಳದಿದ್ದರೆ ಬದುಕುವುದು ಕಷ್ಟ.

ಹೊಂಡದ ಬಳಿ ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಕೂರಿ. ಎರಡು ಮೂರು ನಿಮಿಷ ಅಲುಗಾಡಬೇಡಿ. ಖಾಲಿ ಅಂದುಕೊಂಡ ಹೊಂಡದಲ್ಲಿ ಸಿಗಡಿ, ಸಣ್ಣ ಮೀನು, ಸನ್ಯಾಸಿ ಏಡಿ ಒಂದೊಂದಾಗಿ ಹೊರಬರುತ್ತವೆ. ನೀರಿನಿಂದ ಹೊರಗುಳಿದ ಕಡಲಹೂವು ಮುದುಡಿದ ಕೆಂಪು ಮುದ್ದೆಯಾಗಿರುತ್ತದೆ, ನೀರಿನಲ್ಲಿ ಅದೇ ಜೀವಿ ತೋಳು ಚಾಚಿ ಅರಳಿರುತ್ತದೆ. ಕಲ್ಲು ಎತ್ತಿ ನೋಡಿದರೆ ಮೆಲ್ಲಗೆ, ಇದ್ದ ಹಾಗೆಯೇ ವಾಪಸ್ ಇಡಿ. ಮಗುಚಿ ಬಿಟ್ಟರೆ ಅಡಿಯಲ್ಲಿದ್ದ ಜೀವಿಗಳು ಒಣಗುತ್ತವೆ, ಮೇಲಿದ್ದವು ಉಸಿರುಗಟ್ಟುತ್ತವೆ.

ಬೆಚ್ಚನೆ ಸಮುದ್ರವಾದರೆ ಕೈ ಹಾಕಲೇಬೇಡಿ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಕೋನ್ ಬಸವನಹುಳುವಿನ ಚಿಪ್ಪು ಬಹಳ ಚೆಂದ. ಆದರೆ ಅದರ ಚುಚ್ಚುಮುಳ್ಳಿನ ವಿಷ ಮನುಷ್ಯನನ್ನೂ ಕೊಲ್ಲಬಲ್ಲದು. ಖಾಲಿ ಚಿಪ್ಪು ಅನ್ನಿಸಿದರೂ ಬಿಟ್ಟುಬಿಡಿ. ಅದು ಸನ್ಯಾಸಿ ಏಡಿಯ ಮುಂದಿನ ಮನೆ ಆಗಬಹುದು.

ಬೆಚ್ಚನೆ ಕರಾವಳಿಗಳ ಕೆಸರು ಬಯಲಿಗೆ ತನ್ನದೇ ನೋಟವಿದೆ. ಗಂಡು ಫಿಡ್ಲರ್ ಏಡಿ ತನ್ನ ಒಂದೇ ದೊಡ್ಡ ಕೊಂಡಿಯನ್ನು ಬೀಸುತ್ತಾ ಹೆಣ್ಣನ್ನು ಕರೆಯುತ್ತದೆ. ಮಡ್‌ಸ್ಕಿಪ್ಪರ್ ಮೀನು ಒದ್ದೆ ಚರ್ಮದಿಂದಲೂ ಉಸಿರಾಡುತ್ತಾ ಕೆಸರ ಮೇಲೆ ಕುಪ್ಪಳಿಸುತ್ತದೆ. ಎರಡೂ ನೀವು ನಿಂತರೆ ಮಾತ್ರ ಕಾಣುತ್ತವೆ, ನಡೆದರೆ ಮಾಯ.

ಹಂತ 7: ಸೀಲ್ ಇದ್ದರೆ

ತಂಪು ಸಮುದ್ರಗಳ ದ್ವೀಪಗಳಲ್ಲಿ ಇಳಿತದ ಹೊತ್ತಿಗೆ ಸೀಲ್‌ಗಳು ಮರಳದಿಬ್ಬಕ್ಕೆ, ಬಂಡೆಗೆ ಹತ್ತಿ ಮಲಗಿರುತ್ತವೆ. ಹಿಲ್‌ಬ್ರೆಯ ಎದುರಿನ ಮರಳದಿಬ್ಬದಲ್ಲಿ ಬೂದು ಸೀಲ್‌ಗಳ ದೊಡ್ಡ ಗುಂಪೇ ಇರುತ್ತದೆ. ಕನಿಷ್ಠ 100 ಮೀಟರ್ ದೂರ ಇರಲಿ. ಮಲಗಿದ್ದ ಸೀಲ್ ತಲೆ ಎತ್ತಿ ನಿಮ್ಮನ್ನೇ ನೋಡಿದರೆ ಹತ್ತಿರವಾಯಿತು ಎಂದೇ ಅರ್ಥ, ಹಿಂದೆ ಸರಿಯಿರಿ. ಒಂದು ಬೆದರಿ ನೀರಿಗಿಳಿದರೆ ಗುಂಪೇ ನುಗ್ಗುತ್ತದೆ, ಮರಿಗಳು ತುಳಿತಕ್ಕೆ ಸಿಕ್ಕುತ್ತವೆ. ಒಂಟಿಯಾಗಿ ಕಂಡ ಮರಿಯನ್ನು ಎತ್ತಿಕೊಳ್ಳಬೇಡಿ, ನೀರಿಗೆ ದೂಡಬೇಡಿ. ತಾಯಿ ಹತ್ತಿರದಲ್ಲೇ ಇದ್ದೀತು. ಗಾಯವಾಗಿದ್ದರೆ ಸ್ಥಳೀಯ ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿ.

ಹಂತ 8: ತಿರುಗುವುದು

ಅಲಾರಂ ಹೊಡೆದ ಕೂಡಲೇ ಹೊರಡಿ. ಇನ್ನೊಂದು ಫೋಟೋ, ಇನ್ನೈದು ನಿಮಿಷ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಗುಂಪಿನಲ್ಲಿ ನಿಧಾನ ನಡೆಯುವವರು ಮುಂದಿರಲಿ.

ಬಂದು ನೋಡಿದಾಗ ದಾರಿಯ ಮೇಲೆ ಆಗಲೇ ನೀರು ಹರಿಯುತ್ತಿದ್ದರೆ ಇಳಿಯಬೇಡಿ. ಮೊಣಕಾಲ ಮಟ್ಟದ ನೀರೂ ಸೆಳೆತವಿದ್ದರೆ ಮನುಷ್ಯನನ್ನು ಕೆಡವುತ್ತದೆ. ಈಜುವ ಯೋಚನೆಯನ್ನಂತೂ ಮಾಡಲೇಬೇಡಿ. ದ್ವೀಪದ ಎತ್ತರದ ಜಾಗಕ್ಕೆ ಹೋಗಿ, ಫೋನ್ ಮಾಡಿ ವಿಷಯ ತಿಳಿಸಿ, ಬೆಚ್ಚಗೆ ಹೊದ್ದು ಕಾಯಿರಿ. ಎತ್ತರದ ದ್ವೀಪದ ಮೇಲೆ ಕೆಲವು ಗಂಟೆ ಚಳಿಯಲ್ಲಿ ಕಳೆಯುವುದು ತೊಂದರೆ ಅಷ್ಟೇ, ಅಪಾಯವಲ್ಲ. ಅಪಾಯ ಇರುವುದು ನಡುದಾರಿಯಲ್ಲಿ.

ಹಂತ 9: ದಡದಲ್ಲಿ ಕೂತು ನೋಡುವುದು

ಈಗ ಅವಸರವಿಲ್ಲ. ದಡದಲ್ಲಿ ಸ್ವಲ್ಪ ಎತ್ತರದ, ಬೆನ್ನಿಗೆ ಪೊದೆಯೋ ಗೋಡೆಯೋ ಇರುವ ಜಾಗದಲ್ಲಿ ಕೂರಿ. ಆಕಾಶಕ್ಕೆ ಎದುರಾಗಿ ನಿಂತ ಮನುಷ್ಯನ ಆಕಾರ ಹಕ್ಕಿಗಳನ್ನು ಬೆದರಿಸುತ್ತದೆ.

ಕೆಸರಲ್ಲಿ ಮೇಯುವ ಹಕ್ಕಿಗಳಿಗೆ ಹಗಲು ರಾತ್ರಿಗಿಂತ ಉಬ್ಬರ ಇಳಿತವೇ ಮುಖ್ಯ. ಇಳಿತದಲ್ಲಿ ಅವು ಕಿಲೋಮೀಟರುಗಟ್ಟಲೆ ಹರಡಿ ಹೋಗಿರುತ್ತವೆ, ಬೈನಾಕ್ಯುಲರಿಗೂ ಚುಕ್ಕೆಗಳು. ನೀರು ಏರಿದಂತೆ ಬಯಲು ಕಿರಿದಾಗುತ್ತದೆ. ನೀರೇ ಅವುಗಳನ್ನು ನಿಮ್ಮ ಕಡೆ ತಳ್ಳಿಕೊಂಡು ಬರುತ್ತದೆ! ದ್ವೀಪದ ಮೇಲೆ ಅವುಗಳ ಹಿಂದೆ ನಡೆದಾಗ ಹಾರಿಹೋಗುತ್ತಿದ್ದ ಹಕ್ಕಿಗಳು ಈಗ ತಾವಾಗಿಯೇ ಹತ್ತಿರ ಬರುತ್ತವೆ. ಅಲುಗದೆ ಕೂತರೆ ಸಾಕು.

ಮೊದಲು ಕೊಕ್ಕು ನೋಡಿ. ಕರ್ಲ್ಯೂವಿನ ಉದ್ದ ಬಾಗಿದ ಕೊಕ್ಕು ಆಳದ ಹುಳುವಿಗೆ. ಸ್ಯಾಂಡ್‌ಪೈಪರ್‌ಗಳದ್ದು ಮೇಲ್ಪದರಕ್ಕೆ. ಆಯ್ಸ್‌ಟರ್‌ಕ್ಯಾಚರ್‌ನ ಗಟ್ಟಿ ಕೆಂಪು ಕೊಕ್ಕು ಚಿಪ್ಪು ಒಡೆಯಲು, ಬಿಡಿಸಲು. ಟರ್ನ್‌ಸ್ಟೋನ್ ಹೆಸರಿಗೆ ತಕ್ಕ ಹಾಗೆ ಕಲ್ಲು, ಪಾಚಿ ಮಗುಚಿ ಹುಡುಕುತ್ತದೆ. ಹಾಗಾಗಿ ಒಂದೇ ಬಯಲಲ್ಲಿ ಇಷ್ಟು ಬಗೆಯ ಹಕ್ಕಿಗಳು ಜಗಳವಿಲ್ಲದೆ ಮೇಯುತ್ತವೆ. ಆಮೇಲೆ ನಡಿಗೆ ನೋಡಿ. ಪ್ಲೋವರ್ ಓಡುತ್ತದೆ, ನಿಲ್ಲುತ್ತದೆ, ಕುಕ್ಕುತ್ತದೆ. ಅದು ಕಣ್ಣಿನಿಂದ ಬೇಟೆ ಹುಡುಕುವ ಹಕ್ಕಿ, ಕಣ್ಣು ದೊಡ್ಡದು. ಸ್ಯಾಂಡ್‌ಪೈಪರ್ ನಡೆಯುತ್ತಲೇ ಹೊಲಿಗೆ ಹಾಕಿದಂತೆ ಚುಚ್ಚುತ್ತಾ ಹೋಗುತ್ತದೆ. ಅದರ ಕೊಕ್ಕಿನ ತುದಿಯಲ್ಲೇ ಸ್ಪರ್ಶದ ನರಗಳಿವೆ. ಬಣ್ಣ ಕಾಣದ ಮಬ್ಬಿನಲ್ಲೂ ಈ ಎರಡು ನಡಿಗೆಯಿಂದಲೇ ಅರ್ಧ ಹಕ್ಕಿಗಳನ್ನು ಗುರುತಿಸಬಹುದು.

ನೀರು ಇನ್ನೂ ಏರಿದಾಗ ಗುಂಪುಗಳು ಒಟ್ಟಾಗಿ ಎದ್ದು, ಒಂದೇ ಮೈಯಂತೆ ತಿರುಗಿ, ಉಬ್ಬರ ಮುಟ್ಟದ ದಿಬ್ಬದಲ್ಲಿ ಇಳಿಯುತ್ತವೆ. ಅಲ್ಲಿ ಒಂದೇ ಕಾಲಲ್ಲಿ ನಿಂತು ವಿಶ್ರಮಿಸುತ್ತವೆ. ಆ ಜಾಗಕ್ಕೆ ಹತ್ತಿರ ಹೋಗಬೇಡಿ. ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಹಕ್ಕಿಯ ವಿಷಯ ನೋಡಿ. 2022ರಲ್ಲಿ ಸುಮಾರು ಐದು ತಿಂಗಳ ಒಂದು ಮರಿಹಕ್ಕಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನ ಹಾರಿತು, 13,560 ಕಿಲೋಮೀಟರ್. ಅಂಥ ಪಯಣಕ್ಕೆ ಬೇಕಾದ ಕೊಬ್ಬನ್ನು ಈ ಹಕ್ಕಿಗಳು ಕೂಡಿಡುವುದು ಇಂಥ ಕೆಸರು ಬಯಲಲ್ಲಿ ತಿಂದು, ಇಂಥ ದಿಬ್ಬದಲ್ಲಿ ವಿಶ್ರಮಿಸಿ. ನಾವು ಸುಮ್ನೆ ಫೋಟೋಗೆ ಅಂತ ಹತ್ತಿರ ಹೋಗಿ ಎಬ್ಬಿಸಿದರೆ ಅಷ್ಟು ಕೊಬ್ಬು ಅಲ್ಲೇ ಕರಗುತ್ತದೆ. ಇದು ಸಣ್ಣ ತಪ್ಪಲ್ಲ.

ಸೂರ್ಯ ದ್ವೀಪದ ಹಿಂದೆಯೇ ಮುಳುಗುವುದಾದರೆ ಮುಳುಗುವವರೆಗೆ ಕಣ್ಣು ಕೋರೈಸುತ್ತದೆ, ಹಕ್ಕಿಗಳು ಬರೀ ಕಪ್ಪು ಆಕಾರ. ಮುಳುಗಿದ ಮೇಲಿನ ಹದಿನೈದು ಇಪ್ಪತ್ತು ನಿಮಿಷ ಮತ್ತೆ ಚೆನ್ನಾಗಿ ಕಾಣುತ್ತದೆ. ಅಲ್ಲಿಯವರೆಗೆ ಕಿವಿಗೆ ಕೆಲಸ ಕೊಡಿ. ಕರ್ಲ್ಯೂವಿನ ಏರುವ ಕೂಗು ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಹಂತ 10: ಕತ್ತಲಾದ ಮೇಲೆ ಸ್ವಲ್ಪ ಹೊತ್ತು

ಬೆಚ್ಚನೆ ಕರಾವಳಿಯ ಒಣ ಮರಳಲ್ಲಿ ಮುಸ್ಸಂಜೆಗೆ ಗೋಸ್ಟ್ ಏಡಿಗಳು ಬಿಲದಿಂದ ಏಳುತ್ತವೆ. ಮರಳಿನದೇ ಬಣ್ಣ, ಓಡಿದಾಗ ಮಾತ್ರ ಕಾಣುತ್ತವೆ. ಚಂದ್ರ ಇಲ್ಲದ ರಾತ್ರಿ ಅಲೆ ಒಡೆಯುವಲ್ಲಿ ನೀಲಿ ಮಿಣುಕು ಕಂಡರೆ ಅದು ನಾಕ್ಟಿಲ್ಯೂಕಾದಂಥ ಸೂಕ್ಷ್ಮಜೀವಿಗಳ ಬೆಳಕು. ನೀರು ಅಲುಗಿದಾಗ ಹೊಳೆಯುತ್ತವೆ. ಟಾರ್ಚ್ ಆರಿಸಿದರೆ ಮಾತ್ರ ಕಾಣುತ್ತದೆ.

ಕಡಲಾಮೆ ಮೊಟ್ಟೆಯಿಡುವ ತೀರವಾದರೆ ಟಾರ್ಚ್, ಫ್ಲ್ಯಾಶ್ ಎರಡೂ ಬೇಡ. ದಡಕ್ಕೆ ಬರುತ್ತಿರುವ ಆಮೆ ಬೆಳಕು ಕಂಡರೆ ಮೊಟ್ಟೆಯಿಡದೆ ಹಿಂದಿರುಗಬಹುದು. ಮರಿಗಳು ಸಮುದ್ರದ ಮೇಲಿನ ತಿಳಿ ಬೆಳಕನ್ನು ನೋಡಿ ದಿಕ್ಕು ಹಿಡಿಯುತ್ತವೆ, ನಮ್ಮ ದೀಪಕ್ಕೆ ಮೋಸ ಹೋಗಿ ನೆಲದ ಕಡೆ ಹೊರಡುತ್ತವೆ. ಆಮೆ ಕಂಡರೆ ಅಲ್ಲೇ ಕೂತುಬಿಡಿ, ಅದು ದಾಟಿ ಹೋಗಲಿ.

ಹೊರಡುವ ಮುನ್ನ ಶೂ, ಬಟ್ಟೆಗೆ ಅಂಟಿದ ಕೆಸರು, ಬೀಜ, ಪಾಚಿಯನ್ನು ಅಲ್ಲೇ ತೊಳೆದುಬಿಡಿ. ಒಂದು ಕರಾವಳಿಯ ಜೀವಿ ಇನ್ನೊಂದಕ್ಕೆ ಹೀಗೆಯೇ ಹರಡುತ್ತದೆ. ಆಮೇಲೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ಟೇಬಲಿನಲ್ಲಿ ಇಳಿತ ಎಷ್ಟೊತ್ತಿಗಿತ್ತು, ಎತ್ತರ ಎಷ್ಟಿತ್ತು, ಗಾಳಿ ಯಾವ ಕಡೆಯದು, ನೀರು ದಾರಿಯನ್ನು ನಿಜವಾಗಿ ಮುಚ್ಚಿದ್ದು ಎಷ್ಟೊತ್ತಿಗೆ, ಯಾವ ಹಕ್ಕಿ ಎಲ್ಲಿ ಇಳಿಯಿತು. ದಾರಿ ಮುಚ್ಚಿದ ಹೊತ್ತನ್ನು ಕಣ್ಣಾರೆ ನೋಡಿ ಬರೆದಿದ್ದರೆ ಮುಂದಿನ ಸಲ ಅದೇ ಎತ್ತರದ ಇಳಿತದ ದಿನ ಎಷ್ಟು ಸಮಯ ಸಿಗುತ್ತದೆ ಅಂತ ಅಂದಾಜು ಮಾಡಲು ಅದು ಒದಗುತ್ತದೆ.